ಹೊಸ್ತಿಲಿಲ್ಲದ ದ್ವೀಪ

ಕಿರಂಗೂರಿನ ನಮ್ಮ ಮನೆಯ ಹೊಸ್ತಿಲು ನಡುವಿನಲ್ಲಿ ಸವೆದು ಸಣ್ಣ ಗುಳಿಯಾಗಿತ್ತು. ಶುಕ್ರವಾರ ತೊಳೆದು ಅರಿಸಿನ ಬಳಿಯುವಾಗ ನೀರೆಲ್ಲ ಹರಿದುಹೋದರೂ ಒಂದು ಉದ್ಧರಣೆಯಷ್ಟು ಅಲ್ಲೇ ನಿಲ್ಲುತ್ತಿತ್ತು. ಹೊನ್ನೆಮರದ ಆ ಹೊಸ್ತಿಲನ್ನು ಮಾಡಿದವರು ಅಪ್ಪ, ಊರಿಗೆಲ್ಲ ಬಾಗಿಲು ಕೂರಿಸಿದ ಬಡಗಿ. ಗುಳಿ ಮಾಡಿದವರು ನಾವು, ಸಾವಿರ ಸಲ ಒಳಗೂ ಹೊರಗೂ ಓಡಾಡಿ.

ಅದೇ ಹೊಸ್ತಿಲಲ್ಲಿ ನಿಂತು ಅಪ್ಪ ಒಂದು ದಿನ ನನ್ನ ತಮ್ಮ ಮಂಜುನಿಗೆ, "ಇನ್ನು ಈ ಒಸ್ಲು ತುಳೀಬ್ಯಾಡ ಕಣ್ಲಾ" ಎಂದುಬಿಟ್ಟರು. ಅವನ ತಪ್ಪೇನು ಗೊತ್ತೇ? ಅಪ್ಪ ಬಾಗಿಲು ಮಾಡಿಕೊಡಲು ಒಪ್ಪಿಕೊಂಡಿದ್ದ ಮನೆಗೆ ಮೈಸೂರಿನಿಂದ ರೆಡಿಮೇಡ್ ಬಾಗಿಲು ತಂದು ಕೂರಿಸಿದ್ದ. ಕೋಪ ಇಳಿದಿತ್ತೇನೋ, ಮಾತು ಹಿಂದೆಗೆದುಕೊಳ್ಳುವ ಮೊದಲೇ ಅಪ್ಪ ತೀರಿಕೊಂಡರು. ಮಂಜು ಬಂದ, ಅಂಗಳದಲ್ಲಿ ನಿಂತೇ ಕರ್ಮ ಮುಗಿಸಿದ, ಜಗಲಿಯ ಮೇಲೆ ಉಂಡು ಹೊರಟುಹೋದ. ಆಮೇಲಿಂದ ನಾನೂ ಯಜಮಾನರೂ ಆ ಮನೆಯಲ್ಲಿದ್ದೇವೆ. ಪ್ರತಿ ಗೌರಿ ಹಬ್ಬಕ್ಕೂ ತಮ್ಮನ ಬಾಗಿನ ಯಾರದೋ ಕೈಯಲ್ಲಿ ಬರುತ್ತಿತ್ತು, ಅವನು ಬರುತ್ತಿರಲಿಲ್ಲ. ಮೊರ ಬಿಚ್ಚುವಾಗಲೆಲ್ಲ ನನಗೆ ಅಳು ಬರುತ್ತಿತ್ತು.

ಅವನೀಗ ಮಾಲ್ಡೀವ್ಸಿನ ಒಂದು ಐಷಾರಾಮಿ ಖಾಸಗಿ ದ್ವೀಪದಲ್ಲಿ ಬಡಗಿ. ಮಳೆಗಾಲದಲ್ಲಿ ಅತಿಥಿಗಳು ಕಡಿಮೆಯಾದಾಗ ಕೆಲಸಗಾರರ ಮನೆಯವರನ್ನು ಮೂರು ದಿನ ಇರಿಸಿಕೊಳ್ಳುತ್ತಾರಂತೆ. "ಬಾರಕ್ಕ, ಒಂದ್ಸಲ ನೋಡ್ಕೊಂಡೋಗು" ಎಂದು ಕರೆದ. ದ್ವೀಪವೇನು ನಮಗೆ ಹೊಸದೇ? ಒಂದು ಪಹಣಿ ಬೇಕಾದರೂ ಸೇತುವೆ ದಾಟಿ ಶ್ರೀರಂಗಪಟ್ಟಣವೆಂಬ ದ್ವೀಪಕ್ಕೇ ಹೋಗುವವರು ನಾವು. ಆದರೂ ನೀರಿನ ಮೇಲೆ ಇಳಿಯುವ ವಿಮಾನದಿಂದ ಆ ಹವಳದ ಕೊಳವನ್ನು ಕಂಡಾಗ, ತಳದ ಮರಳಿನ ಗೆರೆಗಳೂ ಎಣಿಸಲು ಸಿಗುವಷ್ಟು ತಿಳಿಯಾದ ಆ ಹಸುರುನೀಲಿ ನೀರನ್ನು ಕಂಡಾಗ, ನನ್ನ ಬಡಾಯಿಯೆಲ್ಲ ಬಾಯಲ್ಲೇ ಉಳಿಯಿತು.

ನೀರಿನಲ್ಲಿ ಕಂಬ ನೆಟ್ಟು ಕಟ್ಟಿದ ಮನೆಗಳು. ನನಗೆ ಕೊಟ್ಟದ್ದಕ್ಕೆ ಬಾಗಿಲು ಕೂರಿಸಿದವನು ಮಂಜುನೇ. ಅರಿಸಿನ ಕುಂಕುಮದ ಡಬ್ಬಿ ಹಿಡಿದು ಬಾಗಿಲಿಗೆ ಬಂದ ನಾನು, ಬಲಗಾಲನ್ನು ಎತ್ತರಕ್ಕೆ ಎತ್ತಿ ಇಟ್ಟು, ಮುಗ್ಗರಿಸಿ ಅವನ ಭುಜ ಹಿಡಿದೆ. ದಾಟಲು ಅಲ್ಲಿ ಏನೂ ಇರಲಿಲ್ಲ.

"ಒಸ್ಲೇ ಇಲ್ವಲ್ಲೋ ಮಂಜ?"

"ಇಲ್ಲಿ ಯಾರೂ ಕೇಳಕಿಲ್ಲ ಕಣಕ್ಕ. ಚಕ್ರದ ಪೆಟ್ಟಿಗೆ ಎಳ್ಕಂಡು ಬತ್ತಾರೆ, ಅಡ್ಡ ಆಯ್ತದೆ."

ಮೂರು ದಿನವೂ ನನ್ನ ಕಾಲಿಗೆ ಬುದ್ಧಿ ಬರಲಿಲ್ಲ. ಹೊರಡುವ ಹಿಂದಿನ ಸಂಜೆ ಅವನು ನನಗಾಗಿ ಎಳನೀರು ತಂದ. ಎರಡೂ ಕೈಯಲ್ಲಿ ಕಾಯಿ ಹಿಡಿದು ಬಾಗಿಲು ದಾಟುವಾಗ ಅವನ ಕಾಲು ನೋಡಿದೆ. ಅದೂ ಮೇಲಕ್ಕೆದ್ದಿತು, ನಮ್ಮ ಹೊನ್ನೆ ಹೊಸ್ತಿಲಿನಷ್ಟೇ ಎತ್ತರಕ್ಕೆ. ಇಷ್ಟು ವರ್ಷ ಹೊಸ್ತಿಲಿಲ್ಲದ ಬಾಗಿಲುಗಳನ್ನೇ ಮಾಡಿದವನು ದಿನವೂ ಹೀಗೆ ನಮ್ಮ ಮನೆಯೊಳಕ್ಕೇ ಕಾಲಿಡುತ್ತಿದ್ದನಲ್ಲ ಎನ್ನಿಸಿತು.

"ನಮ್ಮನೆ ಒಸ್ಲಿಗೆ ಗೆದ್ದಲು ಹತ್ತೈತೆ ಕಣ್ಲಾ," ಎಂದೆ. "ನೀನೇ ಬಂದು ಬೇರೆ ಕೂರ್ಸು. ಬೇರೆಯೋರ ಕೈಯಲ್ಲಿ ಅಪ್ಪನ ಕೆಲ್ಸ ಮುಟ್ಸಕಿಲ್ಲ ನಾನು."

ಗೆದ್ದಲು ಹತ್ತಿದ್ದು ಒಂದು ಮೂಲೆಗೆ ಮಾತ್ರ. ಅದನ್ನು ನಾನು ಹೇಳಲಿಲ್ಲ, ನೀವೂ ಹೇಳಬೇಡಿ.

ರಜೆ ಸಿಕ್ಕಾಗ ಬಂದ. ಬಾಗಿಲ ಹೊರಗೇ ಕುಳಿತು ಬೆಳಿಗ್ಗೆಯೆಲ್ಲ ಉಳಿ ಆಡಿಸಿ, ಚೌಕಟ್ಟಿನಿಂದ ಹಳೆಯ ಹೊಸ್ತಿಲನ್ನು ಬಿಡಿಸಿದ. ಅದನ್ನು ಕಣ್ಣಿಗೊತ್ತಿಕೊಂಡು ಜಗಲಿಗೆ ಒರಗಿಸಿ, ಬಾಗಿಲ ಮುಂದೆ ನಿಂತ.

ನಾನು ಒಳಗಿನಿಂದ ಕರೆದೆ. "ಅಪ್ಪ ತುಳೀಬ್ಯಾಡ ಅಂದಿದ್ದು ಆ ಒಸ್ಲ. ಅದು ಅಲ್ಲಿ ಒರಗೈತೆ ನೋಡು, ಅಪ್ಪ ಒರಗ್ತಿದ್ದಂಗೇ. ಬಾರ್ಲಾ ಒಳಕ್ಕೆ."

ಹೊಸ್ತಿಲಿಲ್ಲದ ನೆಲ ನೋಡಿದ. ಆಮೇಲೆ ಬಲಗಾಲನ್ನು ಎತ್ತರಕ್ಕೆ ಎತ್ತಿ, ದಾಟಿ, ಒಳಗೆ ಬಂದು, ಚಿಕ್ಕವನಾಗಿದ್ದಾಗಿನಂತೆ ನನ್ನ ಸೆರಗಿನಲ್ಲಿ ಮುಖ ಒರೆಸಿಕೊಂಡ.

ಈಗ ಹೊಸ ಹೊಸ್ತಿಲಿದೆ. ಶುಕ್ರವಾರ ತೊಳೆದರೆ ಒಂದು ತೊಟ್ಟು ನೀರೂ ನಿಲ್ಲುವುದಿಲ್ಲ, ಅಷ್ಟು ಸಮ. ಗುಳಿ ಬೀಳಬೇಕಾದರೆ ಅವನು ಇನ್ನೂ ಎಷ್ಟು ಸಲ ಬಂದುಹೋಗಬೇಕೋ. ಬರಲಿ, ನನಗೇನೂ ಅವಸರವಿಲ್ಲ.