ಹುಳು ಸಮೇತ ಜಪ್ತಿ

ನಾನು ನಿಂತಿದ್ದದ್ದು ನಾರಾಯಣಮ್ಮನ ಹುಳುಮನೆಯ ಬಾಗಿಲ ಹೊರಗೆ, ಎಡಗಡೆ. ತೊಂಬತ್ತರ ದಶಕದ ನಡುವಿನ ಒಂದು ಬುಧವಾರ, ಊಟದ ಹೊತ್ತು ಆಗತಾನೆ ಮೀರಿತ್ತು. ಊರು ಸಾದಲಿಗೆ ಹತ್ತಿರ. ಎಡಗಡೆ ಎಂದು ಯಾಕೆ ಹೇಳುತ್ತೇನೆ? ಅಲ್ಲಿಂದ ಒಳಗಿನ ಚಂದ್ರಿಕೆಗಳೂ ಕಾಣುತ್ತಿದ್ದವು, ರಸ್ತೆಯ ವ್ಯಾನೂ ಕಾಣುತ್ತಿತ್ತು. (ಪಕ್ಕದ ಮನೆಯವನು ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಮಹಜರಿಗೆ ಸಾಕ್ಷಿ ಮಾಡಿದ್ದರು.)

ವಿಷಯ ಇಷ್ಟು. ಹಣ್ಣಾದ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗೆ ಚಂದ್ರಿಕೆ ಎನ್ನುತ್ತೇವೆ. ನಾರಾಯಣಮ್ಮನದು ಇಕ್ಕಟ್ಟಾದ ಮನೆ. ಎರಡೆರಡು ಚಂದ್ರಿಕೆಗಳನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಜೋಡಿಸಿ, ಕೆಲಸ ಮುಗಿದ ಮೇಲೆ ಪುಸ್ತಕದಂತೆ ಮಡಿಚಿಡುತ್ತಿದ್ದರು. ಬೆಂಗಳೂರಿನ ಒಂದು ಕಂಪನಿ ಪ್ಲಾಸ್ಟಿಕ್ಕಿನ ಮಡಿಚುವ ಚಂದ್ರಿಕೆ ಮಾರುತ್ತಿತ್ತು. ಮಡಿಚುವುದರ ಪೇಟೆಂಟ್ ನಮ್ಮದು ಎಂದು ಕೋಲಾರದ ಕೋರ್ಟಿನಿಂದ ಜಪ್ತಿ ಆದೇಶ ತಂದಿತು. ಬಂದದ್ದು ಯಾವತ್ತು? ಹುಳು ನೂಲು ಬಿಡಲು ಶುರುಮಾಡಿದ ದಿನವೇ. ಅಲುಗಾಡಿದರೆ ನೂಲು ಹರಿಯುತ್ತದೆ. ಅಲ್ಲಿಗೆ ಆ ಬೆಳೆ ಹೋದಂತೆಯೇ.

"ತಗೊಂಡೋಗಿ ಸಾರ್, ಕೋರ್ಟ್ ಮಾತು ಮೀರಕ್ಕಾಗುತ್ತಾ? ಐದಾರು ದಿನ ಬಿಟ್ಟು ಬನ್ನಿ, ನಾನೇ ವ್ಯಾನಿಗೆ ಏರಿಸ್ತೀನಿ," ಎಂದರು ನಾರಾಯಣಮ್ಮ.

"ಇವತ್ತೇ ಆಗ್ಬೇಕು," ಎಂದ ಕಂಪನಿಯ ಮ್ಯಾನೇಜರ್.

ಕೋರ್ಟು ಕಮಿಷನರ್ ಆಗಿ ಕಳಿಸಿದ್ದು ಶ್ರೀನಿವಾಸ್ ಎಂಬ ಯುವ ವಕೀಲರನ್ನು. ಅವರು ಒಳಗೆ ಇಣುಕಿ ನೋಡಿದರು. ಆದೇಶವನ್ನು ಮತ್ತೊಮ್ಮೆ ಓದಿದರು.

"ಸರಿ. ಜಪ್ತಿ ಮಾಡಿ ನಿಮ್ಮ ವಶಕ್ಕೇ ಕೊಡ್ತೀನಿ ಮ್ಯಾನೇಜರೇ. ಮುಂದಿನ ವಾಯಿದೆವರೆಗೂ ಇದ್ದ ಹಾಗೇ ಇಟ್ಕೋಬೇಕು. ಒಂದು ಗೂಡೂ ಕೀಳಂಗಿಲ್ಲ."

"ವಾಯಿದೆ ಯಾವಾಗ?"

"ಬರೋ ತಿಂಗಳು."

ನಾರಾಯಣಮ್ಮನಿಗೆ ನಗು ಬಂತು. "ಅಷ್ಟೊತ್ತಿಗೆ ಗೂಡು ತೂತು ಮಾಡ್ಕೊಂಡು ಚಿಟ್ಟೆ ಆಚೆ ಬಂದಿರ್ತವೆ ಕಣಪ್ಪ. ನಿನ್ನ ಆಫೀಸ್ ತುಂಬಾ ಮೊಟ್ಟೆ ಇಡ್ತವೆ. ಗಬ್ಬು ಬೇರೆ. ಕಿಟಕಿ ತೆಗೆದಿಡು ನಾಯನಾ."

"ಏನು ಹೆಚ್ಚುಕಮ್ಮಿ ಆದ್ರೂ ನೀವೇ ಜವಾಬ್ದಾರಿ. ಇಲ್ಲಿ ಸೈನ್ ಹಾಕಿ," ಎಂದರು ಶ್ರೀನಿವಾಸ್. (ಅವರ ಮುಖದಲ್ಲಿ ನಗು ಇರಲಿಲ್ಲ. ಇದನ್ನು ಖಚಿತವಾಗಿ ಹೇಳಬಲ್ಲೆ.)

ಮ್ಯಾನೇಜರ್ ಚಂದ್ರಿಕೆ ನೋಡಿದ, ವ್ಯಾನು ನೋಡಿದ, ಪೆನ್ನಿನ ಕ್ಯಾಪ್ ಹಾಕಿದ. "ನಮಗೆ ಬೇಡ."

'ವಾದಿಯು ಸ್ವತ್ತನ್ನು ಸ್ವೀಕರಿಸಲು ನಿರಾಕರಿಸಿದರು' ಎಂದು ಮಹಜರಾಯಿತು. ನಾನು ರುಜು ಹಾಕಿದೆ. ವ್ಯಾನು ಖಾಲಿ ಹೋಯಿತು, ವಾರ ಕಳೆದು ಗೂಡು ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋಯಿತು. ಆಮೇಲಿನ ವಾಯಿದೆಗಳಿಗೆ ಕಂಪನಿ ಬರಲೇ ಇಲ್ಲ. ಕೇಸು ವಜಾ.

ಈಗ ಫೋನ್ ಕಂಪನಿಗಳು ಪೇಟೆಂಟ್ ಪೇಟೆಂಟ್ ಎಂದು ಕೋರ್ಟಿಗೆ ಓಡುವ ಸುದ್ದಿ ಓದಿದಾಗಲೆಲ್ಲ ಯೋಚಿಸುತ್ತೇನೆ. ಇವರಿಗೆ ಬೇಕಿರುವುದು ತೀರ್ಪೋ, ಎದುರಿನವರ ಕೈ ಕಟ್ಟುವ ತಡೆಯಾಜ್ಞೆಯೋ? ತಮ್ಮದೆಂದು ಹಟ ಹಿಡಿದದ್ದನ್ನು ನಿಜವಾಗಿ ಕೈಗೆ ಕೊಟ್ಟರೆ ಎಷ್ಟು ಜನ ತೆಗೆದುಕೊಂಡಾರು?

ಅಂದು ನೋಡಿದವರಲ್ಲಿ ಇಂದಿಗೂ ಇರುವವರು ನಾರಾಯಣಮ್ಮ, ಚಿಕ್ಕಬಳ್ಳಾಪುರದಲ್ಲಿರುವ ಶ್ರೀನಿವಾಸ್, ಮತ್ತು ವ್ಯಾನಿನ ಡ್ರೈವರ್ ಬಾಷಾ. ಅನುಮಾನವಿದ್ದರೆ ಸಾಕ್ಷಿಗೆ ಕರೆಯಿರಿ. ಈ ವಯಸ್ಸಿನಲ್ಲಿ ಅವರಿಗೆ ವಾಯಿದೆ ಮಾತ್ರ ಕೊಡಬೇಡಿ.