ಮೊದಲ ಗಿರಾಕಿ

ನಮ್ಮ ಕಟ್ಟಡದ ಮೇಲಿನ ಮಹಡಿಯವರನ್ನು ಎಲ್ಲರೂ ಕರೆಯುವುದು ಮೊದಲ ಗಿರಾಕಿ ಎಂದೇ. ಹೊಸ ಟ್ಯಾಬ್ಲೆಟ್ ಬಿಡುಗಡೆಯಾಯಿತೆಂದರೆ ಅಂಗಡಿಯ ಶಟರ್ ಏಳುವ ಮೊದಲೇ ಇವರು ಬಾಗಿಲಲ್ಲಿ ಹಾಜರು. ಮರಳುವಾಗ ಅದನ್ನು ಹಸುಗೂಸಿನಂತೆ ಎದೆಗವಚಿಕೊಂಡು, ಮೆಟ್ಟಿಲ ಬಳಿ ಸಿಕ್ಕವರನ್ನೆಲ್ಲ ಅಡ್ಡಗಟ್ಟುತ್ತಾರೆ. “ಈಗ್ಲೇ ಏನೂ ಹೇಳೋ ಹಾಗಿಲ್ಲಪ್ಪ, ಇನ್ನೂ ಸ್ವಲ್ಪ ದಿನ ಬಳಸಿ ನೋಡ್ಬೇಕು” ಎಂದು ಶುರುಮಾಡಿದರೆ, ಕೇಳುವವರ ಕೈಲಿರುವ ಹಾಲು ಒಡೆಯುವ ತನಕ ನಿಲ್ಲಿಸುವವರಲ್ಲ. ತೂಕ ಪರವಾಗಿಲ್ಲವಂತೆ, ಗಾಜಿನ ಮೇಲೆ ಬೆರಳ ಗುರುತು ಉಳಿಯುತ್ತದಂತೆ, ಚಾರ್ಜು ಮಾತ್ರ ಕಂಪನಿಯವರು ಕೊಚ್ಚಿಕೊಂಡಷ್ಟು ಹೊತ್ತು ಬರುವುದಿಲ್ಲವಂತೆ. ಕೆಳಮನೆಯ ಅಜ್ಜಿ ತಡೆಯಲಾರದೆ “ಅಲ್ಲಪ್ಪ, ಹಳೇದಕ್ಕೆ ಏನಾಗಿತ್ತು?” ಎಂದು ಕೇಳಿದರೆ, “ಏನೂ ಆಗಿಲ್ಲಮ್ಮ, ಅದೂ ಇರ್ಲಿ, ಬೇಕಾಗುತ್ತೆ” ಎನ್ನುತ್ತಾರೆ. ಏತಕ್ಕೆ ಬೇಕೆಂದು ನನಗೆ ತಿಳಿದದ್ದು ಮೊನ್ನೆ, ತಪ್ಪಿ ನಮ್ಮ ಮನೆಗೆ ಬಂದಿದ್ದ ಅವರ ಪಾರ್ಸೆಲ್ ಕೊಡಲು ಹೋದಾಗ. ಬಾಗಿಲು ತೆರೆದೇ ಇತ್ತು. ಒಳಗೆ ವಿಡಿಯೊ ಕರೆಯ ಪರೀಕ್ಷೆ ನಡೆದಿತ್ತು: ನಡುಮನೆಯಲ್ಲಿ ಹೊಸ ಟ್ಯಾಬ್ಲೆಟ್, ಎದುರಿನ ಅಡುಗೆಮನೆಯ ಕಟ್ಟೆಯ ಮೇಲೆ ಹಳೆಯದು. ಹೊಸದರ ಮುಂದೆ ಕುರ್ಚಿ ಎಳೆದುಕೊಂಡು ಕೂತು, ಕೂದಲು ಸರಿಮಾಡಿಕೊಂಡು, “ಹಲೋ, ನಾನು ಕಾಣಿಸ್ತಾ ಇದೀನಾ? ಊಟ ಆಯ್ತಾ?” ಎಂದು ಕೇಳಿದರು. ಆಮೇಲೆ ಉತ್ತರ ಹೇಳಲು ಎದ್ದು ಅಡುಗೆಮನೆಗೆ ಓಡಿದರು. ಅಲ್ಲಿ ಚಿತ್ರ ಬಹಳ ಸ್ಪಷ್ಟವಾಗಿ ಬಂದಿತ್ತು. ತೆರೆಯ ತುಂಬ ಅವರು ಈಗಷ್ಟೇ ಬಿಟ್ಟೆದ್ದ ಖಾಲಿ ಕುರ್ಚಿ. ಅವರು ಅದರತ್ತ ಬಾಗಿ ನಗುತ್ತಾ, “ಆಯ್ತು. ನಿಮ್ದು?” ಎಂದರು.