ಅವರು ಸಹಿ ಹಾಕದ ವಿಮಾನ

ನನ್ನ ಗಂಡ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ವಿಮಾನ ರಿಪೇರಿಯ ಇಂಜಿನಿಯರ್. ರಿಪೇರಿಯಾದ ವಿಮಾನ ಇಂಜಿನಿಯರರ ಸಹಿಯಿಲ್ಲದೆ ಹಾರುವಂತಿಲ್ಲ. ಅವರು ಕೆಲಸದ ಮಾತನ್ನು ಮನೆಗೆ ತರುವವರಲ್ಲ. ಹಾಗಾಗಿ ನಾನೇ ವಿಮಾನ ಎಲ್ಲಿದೆ ಎಂದು ತೋರಿಸುವ ಫೋನಿನ ಆ್ಯಪ್‌ನಲ್ಲಿ ಅವರ ಕೈಯಲ್ಲಿರುವ ವಿಮಾನದ ನಂಬರ್ ಹಾಕಿ ನೋಡುತ್ತಿದ್ದೆ. ಅದು ನೆಲದ ಮೇಲಿರುವಷ್ಟು ದಿನ ಅವರು ಎರಡು ರೊಟ್ಟಿಯಲ್ಲಿ ಒಂದನ್ನು ತಟ್ಟೆಯಲ್ಲೇ ಬಿಡುತ್ತಿದ್ದರು.

ಆ ಸಲ ವಿಮಾನ ಒಂಬತ್ತು ದಿನ ಕದಲಲಿಲ್ಲ. "ಇಂಜಿನ್ ಸಪ್ಪಳ ಇನ್ನೂ ಸರಿ ಇಲ್ಲ. ಸಹಿ ಹಾಕ್ರಿ ಅಂತ ಮ್ಯಾಲಿನವರು ಬೆನ್ನು ಹತ್ಯಾರ," ಎಂದು ಒಮ್ಮೆ ಮಾತ್ರ ಹೇಳಿದ್ದರು.

ಹತ್ತನೇ ದಿನ ಮಧ್ಯಾಹ್ನ ಮೆಂತ್ಯ ಸೊಪ್ಪು ಸೋಸುತ್ತಾ ಫೋನ್ ನೋಡಿದೆ. ವಿಮಾನ ಮುಂಬೈ ಕಡೆಗೆ ಹೊರಟಿತ್ತು. ಅಷ್ಟರಲ್ಲಿ ಅವರೇ ಮನೆಗೆ ಬಂದರು.

"ಸಹಿ ಹಾಕಿದ್ರೇನ್ರಿ?"

"ಇಲ್ಲ. ಬ್ಯಾರೆ ಇಂಜಿನಿಯರ್ ಕಡೆಯಿಂದ ಹಾಕಿಸಿದ್ರು. ನನಗ ನಾಳಿಂದ ಬರಬ್ಯಾಡ್ರಿ ಅಂದಾರ."

ಅವರು ಪಕ್ಕದಲ್ಲಿ ಕೂತು ಫೋನಿನತ್ತ ಬಾಗಿದರು. ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆ ತಾನಾಗಿ ನನ್ನ ತುಟಿಗೆ ಬಂತು. ಮುಂಬೈ ಹತ್ತಿರ ವಿಮಾನ ಎರಡು ಸುತ್ತು ಹಾಕಿದಾಗ ಅವರು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು. ಆಮೇಲೆ ಅದು ಏನೂ ಆಗದೆ ಇಳಿಯಿತು.

"ನಂದs ತಪ್ಪಿರಬೇಕು," ಎಂದರು, ನನ್ನ ಕೈ ಬಿಟ್ಟು. "ತಪ್ಪಾಗಿದ್ರ ಚಲೋನs ಆತು."